ಮತ್ತೊಮ್ಮೆ ಸಾಯದವಳು

ಮಕ್ಕಳ ನಾಟಕಶಾಲೆಯ ತಾಲೀಮು ಕೋಣೆಯಲ್ಲಿ ಮಾಸ್ತರರು ವಿಚಾರಣೆಗೆ ಕೂತಿದ್ದರು. ಎದುರಿಗೆ ಟ್ರಂಕು ಹಿಡಿದು ನಿಂತಿದ್ದವಳು ಒಂಬತ್ತು ವರ್ಷದ ನೀಲವ್ವ. ನಿನ್ನೆಯ ನಾಟಕದಲ್ಲಿ ವಿಷ ಕುಡಿದು ಸತ್ತ ರಾಜಕುಮಾರ ಇವಳೇ.

"ನೀ ಸತ್ತಿದ್ದು ನೋಡಿ ಜನ ಒನ್ಸ್ ಮೋರ್ ಅಂದ್ರು. ಯಾಕ ಏಳಲಿಲ್ಲ?"

"ಒಮ್ಮೆ ಸತ್ತಿದ್ನಲ್ರೀ ಸರ. ಸಾಕು ಅನ್ನಿಸ್ತು."

"ಸಾಕಾ? ಒನ್ಸ್ ಮೋರ್ ಅಂದಮ್ಯಾಲ ಹೆಣಾನೂ ಎದ್ದು ಮತ್ತೊಮ್ಮೆ ಸಾಯಬೇಕು! ನಲವತ್ತು ವರ್ಷದಾಗ ನಾ ಒಂದೂ ಒನ್ಸ್ ಮೋರ್ ಬಿಟ್ಟಾಂವಲ್ಲ!"

"ತಪ್ಪಾತ್ರೀ. ಮನಿಗೆ ಮಾತ್ರ ಕಳಸಬ್ಯಾಡ್ರಿ."

ಮಾಸ್ತರರು ಎದ್ದರು. ಶಾಲನ್ನು ಹೆಗಲಿಗೆಸೆದು, ಬಾಗಿಲಿನತ್ತ ಬೆರಳು ಚಾಚಿ, ಹಳೆಯ ಕಂಪನಿ ನಾಟಕದ ಕಂಠದಲ್ಲಿ ಗುಡುಗಿದರು: "ಎಲೈ ಕಲಾದ್ರೋಹಿಯೇ, ತೊಲಗು! ಈ ಹೊಸ್ತಿಲನ್ನು ಇನ್ನೆಂದೂ ತುಳಿಯದಿರು!"

ನೀಲವ್ವ ಅಳುತ್ತ ಹೊಸ್ತಿಲು ದಾಟಿದಳು. ಅಲ್ಲೇ ನಿಂತಳು. ಟ್ರಂಕು ಕೆಳಗಿಟ್ಟು, ಮೂಗು ಒರೆಸಿಕೊಂಡು, ಜೋರಾಗಿ ಚಪ್ಪಾಳೆ ತಟ್ಟಿ ಕೂಗಿದಳು:

"ಒನ್ಸ್ ಮೋರ್!"

ಚಾಚಿದ ಬೆರಳು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.

"ಟ್ರಂಕ್ ತಗೊಂಡು ಒಳಗ ಬಾ," ಎಂದರು ಮಾಸ್ತರರು, ಶಾಲು ಸರಿಮಾಡಿಕೊಳ್ಳುತ್ತ. "ಮೊದಲಿಂದ ಮಾಡೋಣಂತ."