ಹಿಂದಿನ ಇಂಡಿಕೇಟರ್

“ಈಗ ಬಲಕ್ಕೆ ಒತ್ತಿದೀನಿ. ಹಿಂದೆ ಯಾವ್ದು ಮಿಣುಕ್ತಿದೆ, ನೋಡಿ ಹೇಳು,” ಎಂದರು ಭಾವ, ಬೈಕಿನ ಸೀಟಿನ ಮೇಲೆ ಕುಳಿತು, ಮುಖವನ್ನು ರಸ್ತೆಯ ಕಡೆಗೇ ಇಟ್ಟುಕೊಂಡು.

ಹಿಂದೆ ನಿಂತಿದ್ದ ಲೈಟಣ್ಣ ಬಗ್ಗಿ ನೋಡಿದ. ಮಿಣುಕುತ್ತಿದ್ದದ್ದು ಎಡಗಡೆಯದು.

ಊರಿಗೆಲ್ಲ ಅವನು ಲೈಟಣ್ಣ. ಗಾಡಿಗಳ ವೈರಿಂಗ್‌ನಲ್ಲಿ ಅವನನ್ನು ಮೀರಿಸುವವರಿಲ್ಲ ಎಂಬ ಹೆಸರು. ಆ ಹೆಸರನ್ನು ಊರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಮೂರು ತಿಂಗಳ ಹಿಂದೆ ಭಾವನ ಬೈಕಿನ ಹಳೆಯ ಬಲ್ಬುಗಳನ್ನೆಲ್ಲ ಕಿತ್ತು, ಹೆಡ್‌ಲೈಟಿನಿಂದ ಇಂಡಿಕೇಟರ್‌ವರೆಗೆ ಹೊಸ ಎಲ್‌ಇಡಿ ದೀಪ ಹಾಕಿಕೊಟ್ಟವನು ಅವನೇ. ಹಿಂದಿನ ಎರಡು ಇಂಡಿಕೇಟರ್‌ಗಳ ವೈರೂ ಒಂದೇ ಬಣ್ಣ. ಸೀಟಿನ ಕೆಳಗೆ ಒಟ್ಟಿಗೆ ಬಂದಮೇಲೆ ಯಾವುದು ಎಡದ್ದು, ಯಾವುದು ಬಲದ್ದು ಎಂದು ಉರಿಸಿ ನೋಡಿಯೇ ತಿಳಿಯಬೇಕು. ಅವನು ಮುಂದೆ ನಿಂತು ಮುಂದಿನವೆರಡನ್ನು ನೋಡಿದ, ಸರಿಯಾಗಿ ಮಿಣುಕಿದವು. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನೋಡಲಿಲ್ಲ. ಲೈಟಣ್ಣನ ಕೆಲಸಕ್ಕೆ ಪರೀಕ್ಷೆ ಬೇರೆ ಬೇಕೆ ಎಂಬ ಜಂಬ.

ಭಾವ ಎಂದರೆ ಅಂಗಳದಲ್ಲಿ ಬೈಕು ತಿರುಗಿಸುವಾಗಲೂ ಇಂಡಿಕೇಟರ್ ಹಾಕುವ ಮನುಷ್ಯ. ಮನೆಯವರೆಲ್ಲ ಅದಕ್ಕಾಗಿ ಅವರ ಕಾಲೆಳೆಯುತ್ತಿದ್ದರು. ದೀಪ ಹಾಕಿಸಿದ ಹತ್ತನೆಯ ದಿನ, ಅಕ್ಕನನ್ನು ಹಿಂದೆ ಕೂರಿಸಿಕೊಂಡು ಅವರು ಬಲಕ್ಕೆ ತಿರುಗಿದಾಗ, ಹಿಂದಿನಿಂದ ಬಂದ ವ್ಯಾನು ಬಲಗಡೆಯಿಂದಲೇ ನುಗ್ಗಿ ಹೊಡೆಯಿತು. ಎಡಕ್ಕೆ ಹೋಗ್ತೀನಿ ಅಂತ ತೋರಿಸಿದ್ರು, ಅದಕ್ಕೇ ನಾನು ಬಲಗಡೆಯಿಂದ ಮುಂದೆ ಹೋದೆ ಎಂದು ವ್ಯಾನಿನವನು ಎಲ್ಲರೆದುರು ಆಣೆ ಮಾಡಿದ. ಭಾವ ತರಚುಗಾಯದಲ್ಲಿ ಪಾರಾದರು. ಅಕ್ಕನ ಬಲಗೈ ವ್ಯಾನಿನ ಚಕ್ರಕ್ಕೆ ಸಿಕ್ಕಿತು. ಇಪ್ಪತ್ತು ವರ್ಷ ಬಟ್ಟೆ ಹೊಲಿದು ಮನೆ ನಡೆಸಿದ ಆ ಕೈಯಲ್ಲಿ ಈಗ ಕತ್ತರಿ ನಿಲ್ಲುವುದಿಲ್ಲ. “ಎಡ ಯಾವುದು, ಬಲ ಯಾವುದು ಅಂತ ಗೊತ್ತಿಲ್ಲದವರನ್ನ ನಂಬಿ ಹಿಂದೆ ಕೂತೆ,” ಎಂದು ಎದ್ದರೂ ಕೂತರೂ ಅವಳದು ಅದೇ ಮಾತು. ಈಚೆಗೆ ಇನ್ನೊಂದು ಸೇರಿತ್ತು: “ನಿಮ್ಮ ಮುಖ ನೋಡಿದ್ರೆ ಕೈ ಇನ್ನೂ ನೋಯುತ್ತೆ. ನಿಮ್ಮಣ್ಣನ ಮನೆಗೆ ಹೋಗಿಬಿಡಿ.” ಠಾಣೆಯಲ್ಲಿ ಬಿದ್ದಿದ್ದ ಬೈಕು ಇವತ್ತು ಬೆಳಿಗ್ಗೆ ಕೈಗೆ ಸಿಕ್ಕಿದ್ದೇ ತಡ, ಬ್ಯಾಟರಿ ಸತ್ತಿದ್ದರಿಂದ ಭಾವ ಅದನ್ನು ಲೈಟಣ್ಣನ ಅಂಗಡಿಯವರೆಗೂ ತಳ್ಳಿಕೊಂಡೇ ಬಂದಿದ್ದರು. ಲೈಟಣ್ಣ ಅಂಗಡಿಯ ಬ್ಯಾಟರಿಯಿಂದ ಕರೆಂಟು ಕೊಟ್ಟಿದ್ದ.

“ಯಾವ್ದು, ಹೇಳೋ. ನಾನು ಒತ್ತಿದ್ದು ಬಲಕ್ಕೇ ಕಣೋ, ಚೆನ್ನಾಗಿ ನೆನಪಿದೆ. ವೈರಿಂಗ್‌ನಲ್ಲೇನಾದ್ರೂ…”

“ವೈರಿಂಗ್ ಸರಿಯಾಗಿದೆ ಭಾವ. ಬಲಗಡೆದೇ ಮಿಣುಕ್ತಿದೆ.” ಮಾತು ಬಾಯಿಂದ ಹೊರಬಿದ್ದೇ ಹೋಯಿತು.

ಭಾವ ಸ್ವಿಚ್ ಆರಿಸಿದರು. ತಿರುಗಿ ಕೂಡ ನೋಡಲಿಲ್ಲ. ಹೆಂಡತಿಯ ತಮ್ಮನ ಮೇಲೆ ಅಷ್ಟು ನಂಬಿಕೆ. “ಹಾಗಾದ್ರೆ ನನ್ನ ಕೈಯೇ ತಪ್ಪಿರ್ಬೇಕು,” ಎಂದು ಇಳಿದು, ಬೈಕನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋದರು.

ಅವರು ರಸ್ತೆಯ ತಿರುವು ದಾಟುವ ಮೊದಲೇ ಲೈಟಣ್ಣ ಸೀಟು ಕಿತ್ತು, ವೈರು ಬಿಚ್ಚಿ, ಎಡದ್ದನ್ನು ಎಡಕ್ಕೆ ಬಲದ್ದನ್ನು ಬಲಕ್ಕೆ ಸೇರಿಸಿ ಟೇಪು ಸುತ್ತಿದ. ಎರಡೇ ನಿಮಿಷದ ಕೆಲಸ. ಆಮೇಲೆ ಮಾತ್ರ ಬೇರೆ ಯಾವ ಗಾಡಿ ಮುಟ್ಟಲೂ ಕೈ ಬರಲಿಲ್ಲ. ಹೇಡಿ, ಹೇಡಿ ಎಂದು ಅವನ ಮನಸ್ಸೇ ಅವನಿಗೆ ಉಗಿಯುತ್ತಿತ್ತು. ಸಂಜೆಯ ಹೊತ್ತಿಗೆ ತಡೆಯಲಾರದೆ, ಬೈಕಿಗೊಂದು ಹೊಸ ಬ್ಯಾಟರಿ ಕೂರಿಸಿ, ಅದನ್ನೇ ಹತ್ತಿ ಅಕ್ಕನ ಮನೆಗೆ ಹೋದ.

ಹೊಸ್ತಿಲ ಬಳಿ ಸೂಟ್‌ಕೇಸು ನಿಂತಿತ್ತು. ಭಾವ ಚಪ್ಪಲಿ ಮೆಟ್ಟುತ್ತಿದ್ದರು. ಅಕ್ಕ ಬಟ್ಟೆ ಹೊದಿಸಿದ್ದ ಹೊಲಿಗೆ ಯಂತ್ರಕ್ಕೆ ಒರಗಿ ಕುಳಿತಿದ್ದಳು.

“ಅಕ್ಕಾ, ತಪ್ಪು ಭಾವಂದಲ್ಲ, ನಂದು. ಹಿಂದಿನ ವೈರು ನಾನೇ ಅದಲುಬದಲು ಸೇರಿಸಿಬಿಟ್ಟಿದ್ದೆ. ಅವರು ಸರಿಯಾಗೇ ಒತ್ತಿದ್ರು.”

ಅಕ್ಕ ಅವನನ್ನು ಎವೆಯಿಕ್ಕದೆ ನೋಡಿದಳು. ಎದ್ದು ಹೊರಗೆ ಬಂದು, ಕೀಲಿ ತಿರುಗಿಸಿ, ಎಡಗೈಯಿಂದ ಸ್ವಿಚ್ಚನ್ನು ಬಲಕ್ಕೆ ಒತ್ತಿದಳು. ಬೈಕನ್ನು ಸುತ್ತಿಕೊಂಡು ಹೋಗಿ ಹಿಂದೆ ನಿಂತಳು. ಬಲಗಡೆಯದು ಮಿಣುಕುತ್ತಿತ್ತು.

“ಇವತ್ತು ಭಾವ ಅಂಗಡಿಯಿಂದ ಹೋದ್ಮೇಲೆ ಸರಿಮಾಡಿದೆ ಅಕ್ಕಾ. ಅದಕ್ಕೇ ಈಗ…”

“ಸಾಕು ಬಿಡೋ,” ಎಂದರು ಭಾವ. “ಬಲಗಡೆದೇ ಮಿಣುಕ್ತಿದೆ ಅಂತ ಅಂಗಡೀಲಿ ನೀನೇ ಹೇಳಿದ್ಯಲ್ಲ.”

“ಸುಳ್ಳು ಹೇಳಿದೆ ಭಾವ! ಹೆದರಿಕೊಂಡು ಸುಳ್ಳು ಹೇಳಿದೆ!”

“ಈಗ ಹೇಳ್ತಿರೋದು ಸುಳ್ಳು.” ಭಾವ ಅವನ ಹೆಗಲ ಮೇಲೆ ಕೈಯಿಟ್ಟರು. “ನನ್ನ ಸಂಸಾರ ಉಳಿಸೋಕೆ ನಿನ್ನ ಹೆಸರು ಯಾಕೆ ಕೆಡಿಸ್ಕೊಳ್ತೀಯ? ನಿನ್ನ ಕೆಲಸ ಎಂಥದ್ದು ಅಂತ ಊರಿಗೇ ಗೊತ್ತು.”

“ದೇವರಾಣೆ ಅಕ್ಕಾ…”

ಅಕ್ಕನ ಕಣ್ಣು ತುಂಬಿ ಬಂತು. ತಮ್ಮನ ತಲೆ ಸವರಿ, ಗಂಡನ ಕಡೆ ತಿರುಗಿದಳು.

“ನೋಡಿ, ನೀವು ಮಾಡಿದ್ದನ್ನ ತನ್ನ ಮೇಲೆ ಹಾಕ್ಕೊಳ್ಳೋಕೆ ಬಂದಿದಾನೆ. ಇವನ ಕಾಲಿನ ಧೂಳಿಗೂ ನೀವು ಸಮ ಅಲ್ಲ.”

“ನಿಜ,” ಎಂದು ಭಾವ ಸೂಟ್‌ಕೇಸು ಎತ್ತಿಕೊಂಡರು.