ಕದಲದ ಚುಕ್ಕೆ

ಎರಡು ಸೀಟಿನ ವಿಮಾನ ಮೇಲೇರಿ ಇಪ್ಪತ್ತು ನಿಮಿಷವಾದರೂ ಹೊಸ ಟ್ಯಾಬ್ಲೆಟ್ಟಿನ ನಕ್ಷೆಯಲ್ಲಿ ನೀಲಿ ಚುಕ್ಕೆ ಮಾತ್ರ ಫ್ಲೈಯಿಂಗ್ ಕ್ಲಬ್ಬಿನ ಶೆಡ್ಡಿನ ಮೇಲೆಯೇ ಗೂಟ ಹೊಡೆದುಕೊಂಡು ಕೂತಿತ್ತು. ವಿಮಾನ ಹಾರಿಸಲು ಕಲಿಸುವ ಮೇಷ್ಟ್ರು ಪರದೆಯನ್ನು ಒರೆಸಿದರು, ತಟ್ಟಿದರು. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ.

ಕ್ಲಬ್ಬಿಗೆಂದು ಅದನ್ನು ಆರಿಸಿದ್ದು ಅವರೇ. ಅಂಗಡಿಯಲ್ಲಿ ಶಿಷ್ಯೆ, "ಸರ್, ಈ ವೈಫೈ ಟ್ಯಾಬಲ್ಲಿ ಜಿಪಿಎಸ್ ಇಲ್ವಂತೆ. ಸಿಮ್ ಹಾಕೋದನ್ನೇ ತಗೊಳ್ಳೋಣ್ವಾ?" ಎಂದು ಕೇಳಿದ್ದಳು. "ಮೂವತ್ತು ವರ್ಷದಿಂದ ಹಾರಿಸ್ತಿದ್ದೀನಮ್ಮ, ನನಗೇ ದಾರಿ ತೋರಿಸ್ತೀಯಾ?" ಎಂದು ಅವರು ಎಲ್ಲರೆದುರು ನಕ್ಕಿದ್ದರು. ಶೆಡ್ಡಿನಲ್ಲಿ ವೈಫೈ ಹಿಡಿದು ಚುಕ್ಕೆ ಸರಿಯಾಗಿಯೇ ತೋರಿತ್ತು. ಆಕಾಶದಲ್ಲಿ ವೈಫೈ ಎಲ್ಲಿಯದು?

ಈಗ ಪಕ್ಕದ ಸೀಟಿನಲ್ಲಿದ್ದ ಅವಳು ಆ ಮಾತೆತ್ತದೆ ಕಾಗದದ ನಕ್ಷೆಯನ್ನು ತೊಡೆಯ ಮೇಲೆ ಬಿಡಿಸಿದಳು. ಕೆಳಗೆ ಕಂಡ ನದಿ, ರೈಲು ಸೇತುವೆಗಳನ್ನು ಅದರಲ್ಲಿ ಬೆರಳಿಟ್ಟು ಹುಡುಕಿ ದಾರಿ ಹೇಳಿದಳು. ಅವಳು ಹೇಳಿದತ್ತ ಅವರು ವಿಮಾನ ತಿರುಗಿಸಿದರು.

ಇಳಿದೊಡನೆ ಕ್ಲಬ್ಬಿನವರು ಮುತ್ತಿಕೊಂಡರು. "ಹೇಗಿದೆ ಮೇಷ್ಟ್ರೇ ಹೊಸ ಟ್ಯಾಬು?"

ಅವರು ಬಾಯಿ ತೆರೆಯುವ ಮೊದಲೇ ಶಿಷ್ಯೆ ಎಂದಳು: "ಸರ್ ಇವತ್ತು ಅದನ್ನ ನೋಡೋಕೇ ಬಿಡಲಿಲ್ಲ. ಮೊದಲು ಕಾಗದದ ನಕ್ಷೆ ಓದೋದು ಕಲಿ ಅಂದ್ರು."

ಎಲ್ಲರೂ ಮೆಚ್ಚಿ ತಲೆದೂಗಿದರು. ಮೇಷ್ಟ್ರೂ ತಲೆದೂಗಿದರು. ತೂಗಿದ ತಲೆ ಅವಳತ್ತ ಮಾತ್ರ ಏಳಲಿಲ್ಲ.