ಟಿಫಿನ್ ಡಬ್ಬಿಯ ದಂಡಯಾತ್ರೆ

ಗೇಟಿನಲ್ಲಿ ಇವತ್ತೂ ಕಾವಲಿತ್ತು.

ಗುರುಬಸಪ್ಪ ಬಸ್ಸಿಳಿದವನು ತಿರುವಿನಲ್ಲೇ ನಿಂತ. ಮನೆಯ ಯಜಮಾನಿ ಶಿವಬಸಮ್ಮ ಗೇಟಿಗೆ ಒರಗಿಕೊಂಡು ರಸ್ತೆಯನ್ನೇ ನೋಡುತ್ತಿದ್ದರು. ತಿಂಗಳ ಹಿಂದೆ ನಿಶ್ಶಕ್ತಿ, ಮಂಡಿನೋವು ಎಂದು ಹೊಸಿಲು ದಾಟದಿದ್ದವರು ಈಗ ದಿನಾ ಸಂಜೆ ಅವನು ಬರುವ ಹೊತ್ತಿಗೆ ಸರಿಯಾಗಿ ಅಲ್ಲಿ ಹಾಜರು.

ಟಿಫಿನ್ ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಾಯಿಸಿ ಅವನು ನಡೆದ. ಮೇಲಿನ ಡಬ್ಬಿಯಲ್ಲಿ ಮಲ್ಲಿಗೆ ಹೂವು. ಕೆಳಗಿನದರಲ್ಲಿ, ಭತ್ತದ ಹೊಟ್ಟಿನ ನಡುವೆ, ಒಂದು ಕೋಳಿಮೊಟ್ಟೆ.

ಅರ್ಧ ಸೈಟುಗಳು ಇನ್ನೂ ಖಾಲಿಯಿದ್ದ ಜಯನಗರದಲ್ಲೂ ಬಾಡಿಗೆ ಮನೆ ಸಿಕ್ಕಿದ್ದು ಸುಲಭಕ್ಕಲ್ಲ. ಶಿವಬಸಮ್ಮ ಅವನ ಕೊರಳಿನ ಲಿಂಗ ನೋಡಿ, ಊರು ಕೇಳಿ, ಮಠ ಕೇಳಿ, ಆಮೇಲೂ ಒಂದು ಮಾತು ಹೇಳಿದ್ದರು. "ನೋಡಪ್ಪ, ಈ ಕಾಂಪೌಂಡೊಳಗೆ ಮೊಟ್ಟೆ ಬಂತು ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ, ಅವತ್ತೇ ನಿನ್ನ ಸಾಮಾನು ಬೀದೀಲಿ."

ಗುರುಬಸಪ್ಪನಿಗೂ ಮೊಟ್ಟೆ ಮುಟ್ಟಿ ಗೊತ್ತಿರಲಿಲ್ಲ. ಆದರೆ ಟೈಫಾಯಿಡ್‌ನಿಂದ ಎದ್ದ ಹೆಂಡತಿ ಜಯದೇವಿ ಕಡ್ಡಿಯಾಗಿದ್ದಳು. ಬೀದಿ ಕೊನೆಯ ಡಾಕ್ಟರು, ನಿಶ್ಶಕ್ತಿ ಎಂದು ಬಂದವರಿಗೆಲ್ಲ ಹೇಳುವ ಹಾಗೆ, ದಿನಕ್ಕೊಂದು ಮೊಟ್ಟೆ ಎಂದುಬಿಟ್ಟರು. ಹೆಂಡತಿಯೂ ಉಳಿಯಬೇಕು, ಮನೆಯೂ ಉಳಿಯಬೇಕು. ಗುರುಬಸಪ್ಪನಿಗೆ ನಿದ್ದೆ ಹೋಯಿತು.

ದಾರಿ ತೋರಿಸಿದವನು ಬೋರಣ್ಣ. ಕಾರ್ಖಾನೆಯ ಆಫೀಸಿನಲ್ಲಿ ಪಕ್ಕದ ಮೇಜಿನವನು. ಕೋಣನಕುಂಟೆಯ ಮನೆಯಲ್ಲಿ ಕೋಳಿ ಸಾಕಿದ್ದ. ಭಾನುವಾರ ತಪ್ಪದೆ ದಂಡು ಪ್ರದೇಶದ ಟಾಕೀಸಿಗೆ ಹೋಗಿ ಇಂಗ್ಲಿಷಿನ ಯುದ್ಧದ ಚಿತ್ರ ನೋಡುತ್ತಿದ್ದ. ಮಾತು ಅರ್ಧ ಅರ್ಥವಾಗದಿದ್ದರೂ ಯುದ್ಧ ಪೂರ್ತಿ ಅರ್ಥವಾಗುತ್ತಿತ್ತು.

"ಶತ್ರು ಕಣ್ಣಿಗೆ ಮೊದ್ಲು ಬೇರೆ ಏನಾದ್ರೂ ಕೊಡ್ಬೇಕು ಗುರು," ಎಂದಿದ್ದ ಬೋರಣ್ಣ. "ಈ ಕಡೆ ಢಂ ಅನ್ನಿಸ್ತಾರೆ, ಆ ಕಡೆ ಸದ್ದಿಲ್ದೆ ದೋಣೀಲಿ ಇಳೀತಾರೆ. ನಿಂಗೆ ಢಂ ಅನ್ನೋಕೆ ಒಂದು ಮೊಳ ಮಲ್ಲಿಗೆ ಸಾಕು. ಪೂಜೆಗೆ ಅಂತ ಕೊಡು."

"ಸಿಪ್ಪೆ ಏನು ಮಾಡ್ಲಿ?"

"ನುಗ್ಗೋಕೆ ಮುಂಚೆ ವಾಪಸ್ ಬರೋ ದಾರಿ ನೋಡ್ಕೋಬೇಕು. ಹೋದ ವಾರದ ಪಿಚ್ಚರಲ್ಲಿ ಅದೊಂದು ಮರ್ತು ಇಡೀ ಪಟಾಲಂ ಹೊಳೆ ದಂಡೇಲಿ ಸಿಕ್ಕಾಕೊಳ್ತು. ಸಿಪ್ಪೇನ ಅದೇ ಡಬ್ಬೀಲಿ ವಾಪಸ್ ತಾ. ನಮ್ಮ ತಿಪ್ಪೆಗೆ ಹಾಕ್ತೀನಿ."

"ಇದೆಲ್ಲ ತಪ್ಪಲ್ವೇನೋ?"

"ಜನರಲ್‌ಗಳು ಹಂಗೆ ಕೇಳಲ್ಲ. ಅದಕ್ಕೇ ನೀನು ಗುಮಾಸ್ತ."

ಗೇಟಿನ ಬಳಿ ಶಿವಬಸಮ್ಮ ಹೂವು ತೆಗೆದುಕೊಂಡರು. ಕಣ್ಣು ಮಾತ್ರ ಕೆಳಗಿನ ಡಬ್ಬಿಯ ಮೇಲಿತ್ತು.

"ಯಾಕಪ್ಪ, ಇವತ್ತು ತಡ?"

"ಬಸ್ಸು ರಶ್ಶು, ಅಮ್ಮ."

"ಜೋಪಾನ. ನೂಕಾಟದಲ್ಲಿ ಏನಾದ್ರೂ ಒಡೆದು ಗಿಡೆದು ಹೋದೀತು."

ಗುರುಬಸಪ್ಪ ಕ್ಯಾರಿಯರನ್ನು ಎದೆಗೆ ಅವಚಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದ.

ಒಳಗೆ ಜಯದೇವಿ ಒಂದು ಒಲೆಯಲ್ಲಿ ಮೊಟ್ಟೆ ಬೇಯಿಸುತ್ತ ಇನ್ನೊಂದರಲ್ಲಿ ಇಂಗಿನ ಒಗ್ಗರಣೆ ಹಾಕಿದಳು. ಸೈನ್ಯ ಮುಂದೆ ಸರಿಯುವಾಗ ಹೊಗೆ ಎಬ್ಬಿಸುತ್ತಾರಂತೆ. ಅದೂ ಬೋರಣ್ಣನ ಪಾಠ. ಬೆಂದ ಮೇಲೆ ಎಂದಿನಂತೆ, "ನೀವು ಒಂದು ಸುತ್ತು ಹೋಗ್ಬನ್ನಿ ರೀ. ಎದುರಿಗೆ ಕೂತ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ," ಎಂದಳು. ಅವನು ತಿರುಗಾಡಿ ಬರುವಷ್ಟರಲ್ಲಿ ಸಿಪ್ಪೆ ಕಾಗದದ ಪೊಟ್ಟಣದಲ್ಲಿ ಸಿದ್ಧವಾಗಿರುತ್ತಿತ್ತು. ಸೋಮವಾರ ಮಾತ್ರ, ಶಿವನ ವಾರ, ಮೊಟ್ಟೆ ತರಲೇಬೇಡಿ ಎನ್ನುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಇಷ್ಟು ಭಕ್ತಿ ಇರಲಿಲ್ಲ.

ದಂಡಯಾತ್ರೆ ಫಲ ಕೊಟ್ಟಿತು. ಜಯದೇವಿಯ ಕೆನ್ನೆ ತುಂಬಿತು. ಶಿವಬಸಮ್ಮನೂ ಮೆತ್ತಗಾಗಿ, ತಮ್ಮ ಹಸುವಿನ ಹಾಲು, ಬೆಣ್ಣೆ ಎಂದು ಅವಳಿಗೆ ದಿನಾ ಕೊಡತೊಡಗಿದರು. ಮಲ್ಲಿಗೆಯ ಮಹಿಮೆ, ಎಂದ ಬೋರಣ್ಣ.

ಅಷ್ಟರಲ್ಲಿ ಅವನ ಕೋಳಿಗಳಿಗೆ ರೋಗ ಬಂತು.

"ಸರಬರಾಜು ನಿಂತ್ರೆ ಎಂಥ ಸೈನ್ಯಾನೂ ಮಲಗುತ್ತೆ ಗುರು," ಎಂದು ಬೋರಣ್ಣ ಕೈಚೆಲ್ಲಿದ.

ಆ ಸಂಜೆ ಗುರುಬಸಪ್ಪ ಬರೀ ಹೂವು ತಂದ. ಮರುದಿನವೂ ಬರೀ ಹೂವು. ಶಿವಬಸಮ್ಮ ಅದನ್ನು ಮುಟ್ಟಲಿಲ್ಲ. ಹಾಲು ನಿಂತಿತು, ಬೆಣ್ಣೆ ನಿಂತಿತು. ಅದರ ಮಾರನೆಯ ದಿನ ಗೇಟಿನಲ್ಲೇ ತಡೆದರು.

"ಈ ಮನೆ ಬೇರೆಯವ್ರೂ ಕೇಳ್ತಾ ಇದಾರಪ್ಪ. ನಂಬಿದವ್ರಿಗೆ ಹಿಂಗೆ ಮಾಡಬಾರ್ದು."

ಮುಗಿಯಿತು. ಎಲ್ಲ ಗೊತ್ತಾಗಿಬಿಟ್ಟಿದೆ.

ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಹೇಳಿದ. "ಇನ್ನು ಮೊಟ್ಟೆ ಸಹವಾಸ ಸಾಕು. ಬೋರಣ್ಣನ ಕೋಳಿ ಚೇತರಿಸಿಕೊಂಡ್ರೂ ತರಲ್ಲ."

ಜಯದೇವಿಯ ಮುಖ ಬಿಳಿಚಿತು. "ಬೇಡ ರೀ. ನಿಲ್ಲಿಸಿದ್ರೇ ಅಪಾಯ."

ಪಾಪ, ಇನ್ನೂ ಮೈಯ ಚಿಂತೆ ಹೋಗಿಲ್ಲ, ಎಂದುಕೊಂಡ. ನಂಗೆ ಗೊತ್ತಿದೆ, ನೀನು ಸುಮ್ಮನಿರು ಎಂದ. ಅವಳು ಸಾರು ಬಡಿಸಿದಳು.

ಮರುದಿನ ಬೋರಣ್ಣನ ಕೊನೆಯ ಪಾಠ ಸಿಕ್ಕಿತು. "ಸೋಲೋದು ಖಂಡಿತ ಅಂದ್ರೆ ಬಿಳಿ ಬಾವುಟ ತೋರ್ಸಿ ನೆಟ್ಟಗೆ ನಡ್ಕೊಂಡು ಹೋಗ್ಬೇಕು. ಶತ್ರುವೂ ಮರ್ಯಾದೆ ಕೊಡ್ತಾನೆ."

ಗುರುಬಸಪ್ಪ ಡಬ್ಬಿಗಳನ್ನು ಆಫೀಸಿನ ನಲ್ಲಿಯಲ್ಲಿ ಮೂರು ಸಲ ತೊಳೆದ. ಹೂವಿಲ್ಲ, ಹೊಟ್ಟಿಲ್ಲ. ತಿಂಗಳಲ್ಲಿ ಮೊದಲ ಬಾರಿಗೆ ತಿರುವಿನಲ್ಲಿ ನಿಲ್ಲದೆ, ತಲೆಯೆತ್ತಿ ನಡೆದು, ಕ್ಯಾರಿಯರನ್ನು ಶಿವಬಸಮ್ಮನ ಕೈಗೇ ಕೊಟ್ಟ.

"ತೆಗೆದು ನೋಡಿ ಅಮ್ಮ. ಏನೂ ಇಲ್ಲ. ಇನ್ಮೇಲೂ ಇರಲ್ಲ."

ಅವರು ಒಂದೊಂದೇ ಡಬ್ಬಿ ತೆಗೆದರು. ಕೆಳಗಿನದನ್ನು ಬೆಳಕಿಗೆ ಓರೆಮಾಡಿ ತಳದವರೆಗೂ ನೋಡಿದರು. ರಸ್ತೆಯ ಆ ತುದಿ ಈ ತುದಿ ಕಣ್ಣಾಡಿಸಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ನನ್ನ ಮೊಟ್ಟೆ ಎಲ್ಲಪ್ಪಾ?"